ಇತರೆ: ಒಂದು

ಕೊಣಾಜೆ ಗೇಟಿನ ಎದುರು ನನ್ನ ಅಂಗಡಿ.
ಹಲಗೆಯಲ್ಲಿ ಬರೆಸಿದ್ದು: ಝೆರಾಕ್ಸ್, ಸ್ಪೈರಲ್, ಹಾರ್ಡ್ ಬೈಂಡಿಂಗ್.
ಬರೆಸದೆ ಬಿಟ್ಟದ್ದು:
ಐದು ವರ್ಷಗಳನ್ನು ಇಲ್ಲಿ ಒಂದು ರಾತ್ರಿಯಲ್ಲಿ
ಹೊಲಿದು ಕೊಡಲಾಗುವುದು.

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು,
ಹುಳ ಹಿಡಿಯಬಾರದಲ್ಲ.
ಎಲ್ಲರಿಗೂ ಅದೇ ಅಂಟು.
ನೇತ್ರಾವತಿಯ ಮರುವಾಯಿಯೊಳಗೆ ಸೀಸ ಎಷ್ಟೆಂದು
ಅಳೆದ ಝುಬೈದಾಳಿಗೂ,
ಮುಚ್ಚಿದ ಹಂಚಿನ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ
ಹೆಬ್ಬೆಟ್ಟುಗಳನ್ನು ಎಣಿಸಿದ ವಲೇರಿಯನ್ನನಿಗೂ,
ಒಂದೇ ಸಮೀಕರಣದ ಬಾಲ ಹಿಡಿದು ಕೂತು
ಕೊನೆಗೆ ಐವತ್ತೆಂಟು ಪುಟಗಳಲ್ಲಿ
'ಹೀಗಾಗಲು ಸಾಧ್ಯವೇ ಇಲ್ಲ' ಎಂದು ಸಾಧಿಸಿದ
ಗಣಿತದ ಹುಡುಗನಿಗೂ.
ಅವನದ್ದು ಬೆನ್ನು ತೆಳ್ಳಗೆ, ಹೆಸರು ಕೂರುವುದಿಲ್ಲ.
ಹಿಂದೆ ನಾಲ್ಕು ಖಾಲಿ ಹಾಳೆ ಸೇರಿಸಲಾ, ಕೇಳಿದೆ.
ಬೇಡ, ಅದೂ ಸುಳ್ಳೇ, ಅಂದ.

ವಿಜ್ಞಾನಕ್ಕೆ ಕಡುನೀಲಿ ರೆಕ್ಸಿನ್, ಕಲೆಗೆ ಮೆರೂನ್.
ಮಳೆಗಾಲದಲ್ಲಿ ಚೆಂಡೆ ಯಾಕೆ ಇಳಿದು ನುಡಿಯುತ್ತದೆಂದು
ಚರ್ಮದ ತೇವ ಅಳೆದವಳು
ಎರಡು ತುಂಡನ್ನೂ ಹಿಡಿದು
ಒಂದು ಬಸ್ಸು ತಪ್ಪಿಸಿಕೊಂಡಳು.
ಹಸಿರು ಉಂಟಾ, ಕೇಳಿದಳು ಕೊನೆಗೆ.
ಉಂಟು. ಆದರೆ ಅದು ಕಾನೂನಿನವರದ್ದಂತೆ.

ನಾನು ಎಂಟನೆಯವರೆಗೆ.
ಒಳಗಿನ ಗ್ರಾಫು ನನಗೆ ಸಮುದ್ರದ ತೆರೆಯಷ್ಟೇ ಅರ್ಥ.
ಕೃತಜ್ಞತೆಯ ಪುಟ ಮಾತ್ರ ಯಾರದ್ದನ್ನೂ ಬಿಡುವುದಿಲ್ಲ.
ಅಲ್ಲಿ ವಿಭಾಗ ಇಲ್ಲ.
ಅಮ್ಮ, ಗೈಡು, ಹಾಸ್ಟೆಲಿನ ಗಂಜಿ,
ಯಾವ ಇಳಿತಕ್ಕೆ ಎಲ್ಲಿ ಕಾಲೂರಬೇಕೆಂದು ತೋರಿಸಿದ
ಉಳ್ಳಾಲದ ಹಸನಬ್ಬ.

ಹೋದ ಶನಿವಾರ ಪ್ರಫುಲ್ಲಾಳದ್ದು ಬಂತು,
ನಾನೂರ ಹನ್ನೆರಡು ಪುಟ, ಆರು ಪ್ರತಿ.
ಬೀಡಿ ಕಟ್ಟುವವರ ಪಿಂಚಣಿ: ನೀತಿ ಮತ್ತು ನಿಜ, ಬಂಟ್ವಾಳ ತಾಲೂಕು.
ನನ್ನ ಹಿತ್ತಾಳೆ ಅಚ್ಚಿನ ಪೆಟ್ಟಿಗೆಯಲ್ಲಿ 'ಳ' ಇರುವುದು ಒಂದೇ,
ಅದರ ಬಾಲ ಸವೆದಿದೆ.
ಅದನ್ನೇ ಯೋಚಿಸುತ್ತ ಹೊಲಿಯುತ್ತಿದ್ದೆ.
ಪುಟ ಇನ್ನೂರ ಮೂವತ್ತೊಂದು. ಕೋಷ್ಟಕ ಹದಿನೇಳು.

ಪಿಂಚಣಿ ಬಂದರೆ ಮೊದಲು ಏನು ಮಾಡುವಿರಿ?
ಮದ್ದು: ನೂರ ಮೂರು.
ಮೊಮ್ಮಕ್ಕಳ ಫೀಸು: ಅರವತ್ತೆಂಟು.
ಸಾಲ: ನಲವತ್ತು.
ಇತರೆ: ಒಂದು.

ಸೂಜಿ ನಿಂತಿತು.
ಆ ಒಂದು, ನಮ್ಮ ಗುಲಾಬಿ ದೊಡ್ಡಮ್ಮ.

ಹುಡುಗಿ ಪ್ರಶ್ನೆ ಹಿಡಿದು ಬಂದ ದಿನ ನಾನೂ ಇದ್ದೆ ಜಗಲಿಯಲ್ಲಿ.
ಮಡಿಲ ಮೊರದಿಂದ ಕಣ್ಣೆತ್ತದೆ ದೊಡ್ಡಮ್ಮ ಹೇಳಿದ್ದು:
'ಬಜಪೆಗೆ ಹೋಗಿ ವಿಮಾನ ಹತ್ತುವುದು.
ಎಲ್ಲಿಗೆ ಅಂದರೆ ಎಲ್ಲಿಗೂ ಅಲ್ಲ.
ನಮ್ಮ ಮಾಡು ಮೇಲಿಂದ ಹೇಗೆ ಕಾಣ್ತದೆ,
ನೋಡಿ ಇಳಿಯುವುದು.'
ಹುಡುಗಿ ನಗಲಿಲ್ಲ. ಎರಡು ಸಾಲು ಬರೆದುಕೊಂಡಳು,
ನಾನು ಕಂಡಿದ್ದೇನೆ.

ಆ ಎರಡು ಸಾಲು ಎಲ್ಲಿ?
ಅನುಬಂಧ ತಿರುವಿದೆ, ಅಡಿಟಿಪ್ಪಣಿ ಹುಡುಕಿದೆ.
ಇಲ್ಲ.
ಸಿಟ್ಟು ಬರಬೇಕಿತ್ತು, ಬರುವಷ್ಟು ಬಂತು.
ಆಮೇಲೆ, ಅಂಟಿನ ಬ್ರಶ್ಶು ತೊಳೆಯುವಾಗ ಹೊಳೆಯಿತು:
ಇನ್ನೂರ ಹನ್ನೆರಡು ಮಂದಿಯಲ್ಲಿ ಒಬ್ಬಳನ್ನು
ಮದ್ದಿನ ಸಾಲಿಗೆ ತಳ್ಳಿದ್ದರೆ ಕೇಳುವವರು ಯಾರು?
ತಳ್ಳಲಿಲ್ಲ.
ಒಬ್ಬಳಿಗಾಗಿ ಒಂದು ಗೆರೆ ಎಳೆದಿದ್ದಾಳೆ,
ಈ ಕಡೆಯಿಂದ ಆ ಕಡೆವರೆಗೆ.

ಸಂಜೆ ಪ್ರಫುಲ್ಲಾ ಬಂದಳು.
ಅಂಟು ಒಣಗಿಲ್ಲ, ನಾಳೆ ಬನ್ನಿ, ಅಂದೆ.
ಒಣಗಿತ್ತು.

ರಾತ್ರಿ ಒಂದು ಪ್ರತಿ ಪೇಪರಿನಲ್ಲಿ ಸುತ್ತಿ
ಮನೆಗೆ ಒಯ್ದು, ದೀಪದ ಕೆಳಗೆ ತೆರೆದು,
ಇಲ್ಲಿದ್ದೀರಿ ನೀವು, ಎಂದು ತೋರಿಸಿದೆ.
ದೊಡ್ಡಮ್ಮ ಹೊಗೆಸೊಪ್ಪಿನ ಕೈ ಸೆರಗಿಗೆ ಒರೆಸಿ
ಬೆರಳಿಟ್ಟಳು.
'ಒಂದೇ?'
ಒಂದೇ.
ಇಪ್ಪತ್ತೈದರ ಕಟ್ಟಿಗೆ ನೂಲು ಸುತ್ತುತ್ತ
ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ಒಂದೇ ಬೀಡಿಯ ಕಟ್ಟು ಮಾರಾಯ,
ಯಾವ ಬ್ರಾಂಚಿನಲ್ಲಿ ತಗೊಳ್ತಾರೆ?'